‘ನನ್ನ ಕರ್ಮ’ ಹೊತ್ತು ಏಳು ದಿನ: ಬೋಧಗಯೆಯಿಂದ ಶ್ರಾವಸ್ತಿಗೆ

ಬಸ್ಸು ತಪ್ಪಿದರೆ, ಹಾಲು ಉಕ್ಕಿ ಹೋದರೆ, ಕೊಟ್ಟ ಸಾಲ ವಾಪಸು ಬಾರದಿದ್ದರೆ ಕನ್ನಡದ ಬಾಯಿಗೆ ತಾನಾಗಿ ಬರುವ ಮಾತು ‘ನನ್ನ ಕರ್ಮ!’ ಜೊತೆಗೆ ಕೈ ಹಣೆಗೆ ಹೋಗುತ್ತದೆ. ಈ ಮಾತಿನಲ್ಲಿ ಕರ್ಮವೆಂದರೆ ತಲೆಯ ಮೇಲೆ ಬಂದು ಬಿದ್ದದ್ದು. ಬುದ್ಧನ ಬೋಧನೆಗಳಿರುವ ಪಾಲಿ ಸೂತ್ರಗಳಲ್ಲಿ ಹಾಗೆ ಬಂದು ಬೀಳುವುದಕ್ಕೆ ‘ವಿಪಾಕ’ ಎಂಬ ಬೇರೆಯೇ ಪದವಿದೆ. ‘ಕಮ್ಮ’ ಎಂದರೆ ಮಾಡುವುದು. ಇನ್ನೂ ಬಿಗಿಯಾಗಿ ಹೇಳಿದರೆ, ಮಾಡಬೇಕೆಂದು ಮನಸ್ಸು ಮುಂದಾಗುವುದು. ‘ಚೇತನಾಹಂ ಭಿಕ್ಖವೇ ಕಮ್ಮಂ ವದಾಮಿ’, ಸಂಕಲ್ಪವನ್ನೇ ನಾನು ಕರ್ಮವೆನ್ನುತ್ತೇನೆ, ಎಂದು ಅಂಗುತ್ತರ ನಿಕಾಯವೆಂಬ ಸೂತ್ರಸಂಗ್ರಹದಲ್ಲಿ ಬುದ್ಧನ ಮಾತಿದೆ. ಬೌದ್ಧರು ಆಗಾಗ ನೆನೆಯಬೇಕಾದ ಐದು ಸಂಗತಿಗಳಲ್ಲಿ ಕೊನೆಯದು ‘ಕಮ್ಮಸ್ಸಕೋಮ್ಹಿ’: ಕರ್ಮವೇ ನನ್ನ ಆಸ್ತಿ, ನಾನೇ ಅದರ ವಾರಸುದಾರ. ಇದೂ ‘ನನ್ನ ಕರ್ಮ’ವೇ. ಕೈ ಮಾತ್ರ ಹಣೆಗೆ ಹೋಗುವುದಿಲ್ಲ.

ಪ್ರವಾಸಿ ಬಸ್ಸುಗಳು ಬುದ್ಧನ ಹುಟ್ಟು, ಬೋಧಿ, ಮೊದಲ ಬೋಧನೆ, ಪರಿನಿರ್ವಾಣ ಎಂಬ ನಾಲ್ಕು ಊರುಗಳನ್ನು ಸುತ್ತಿಸುತ್ತವೆ. ಕರ್ಮದ ವಿಚಾರಕ್ಕಾಗಿ ಹೋಗುವವರು ಲುಂಬಿನಿ, ಸಾರನಾಥ ಬಿಟ್ಟರೂ ನಡೆದೀತು. ರಾಜಗೃಹ, ನಾಲಂದ, ಶ್ರಾವಸ್ತಿ ಬಿಡುವಂತಿಲ್ಲ. ವಾದ ನಡೆದದ್ದು ಅಲ್ಲಿ.

ಬೆಂಗಳೂರಿನಿಂದ ದಾನಾಪುರಕ್ಕೆ ಹೋಗುವ ರೈಲಿನ ಹೆಸರೇ ಸಂಘಮಿತ್ರಾ ಎಕ್ಸ್‌ಪ್ರೆಸ್. ಪಾಟ್ನಾದಲ್ಲಿ ಇಳಿದರೆ ಗಯಾ ಇನ್ನು ಸುಮಾರು 100 ಕಿ.ಮೀ. ಡಿಸೆಂಬರ್ ಕೊನೆ, ಜನವರಿಯಲ್ಲಿ ಗಂಗೆಯ ಬಯಲಿಗೆ ಕವಿಯುವ ಮಂಜಿನಲ್ಲಿ ರೈಲುಗಳು ಗಂಟೆಗಟ್ಟಲೆ ತಡವಾಗುತ್ತವೆ. ನವೆಂಬರ್ ಅಥವಾ ಫೆಬ್ರವರಿ ಒಳ್ಳೆಯದು. ಗಯಾದಿಂದ ಶ್ರಾವಸ್ತಿವರೆಗೆ ಒಂದೇ ಗಾಡಿ ಮಾಡಿಕೊಳ್ಳುವುದಾದರೆ, ಉತ್ತರ ಪ್ರದೇಶದ ಗಡಿಯಲ್ಲಿ ಪರ್ಮಿಟ್ ತೆರಿಗೆ ಯಾರು ಕಟ್ಟಬೇಕೆಂಬುದನ್ನು ಬಾಡಿಗೆ ಮಾತಾಡುವಾಗಲೇ ತೀರ್ಮಾನಿಸಿ. ಓದಲು ಬೇಕಾದ ಸೂತ್ರಗಳನ್ನು ಕಾಗದದ ಮೇಲೆ ಪ್ರಿಂಟ್ ತೆಗೆದು ಒಯ್ಯಿರಿ: ದೀಘ ನಿಕಾಯ 2, ಮಜ್ಝಿಮ 61, 86, 135, ಸಂಯುತ್ತ 36.21, 42.6, 42.8, ಅಂಗುತ್ತರದಿಂದ ಕಾಲಾಮ ಸೂತ್ರ ಮತ್ತು ಲೋಣಫಲ ಸೂತ್ರ. ಕೊನೆಯ ಎರಡರ ಸಂಖ್ಯೆ ಆವೃತ್ತಿಯಿಂದ ಆವೃತ್ತಿಗೆ ಹಿಂದುಮುಂದಾಗುತ್ತದೆ, ಹೆಸರಿನಿಂದಲೇ ಹುಡುಕಬೇಕು. ಕಾಗದವೇ ಏಕೆಂದರೆ ಮೊದಲ ದಿನವೇ ಫೋನು ಕೈಬಿಡುತ್ತದೆ.

ಮೊದಲ ದಿನ: ಬೋಧಗಯಾ

ಮಹಾಬೋಧಿ ದೇವಾಲಯ ಬೆಳಗ್ಗೆ 5ಕ್ಕೆ ತೆರೆಯುತ್ತದೆ. 2013ರ ಜುಲೈನಲ್ಲಿ ಬಾಂಬ್ ಸ್ಫೋಟಗಳಾದ ಮೇಲೆ ಮೊಬೈಲನ್ನು ಒಳಗೆ ಬಿಡುವುದಿಲ್ಲ. ಹೊರಗಿನ ಕೌಂಟರಿನಲ್ಲಿ ಇಟ್ಟು ಚೀಟಿ ಪಡೆಯಬೇಕು. ಏಳರ ಮೇಲೆ ಹೋದವರು ಫೋನಿಗೊಂದು ಸಾಲು, ತಪಾಸಣೆಗೊಂದು ಸಾಲು ನಿಂತು ಬೋಧಿವೃಕ್ಷದ ಬುಡಕ್ಕೆ ಬರುವಷ್ಟರಲ್ಲಿ ಕೂರಲು ಜಾಗವಿರುವುದಿಲ್ಲ. ಈಗಿರುವ ಮರ 19ನೇ ಶತಮಾನದ ಕೊನೆಯಲ್ಲಿ, ಹಳೆಯದು ಬಿದ್ದ ಮೇಲೆ ನೆಟ್ಟದ್ದು.

ಇಲ್ಲಿ ಕುಳಿತು ನೆನೆಯಬೇಕಾದದ್ದು ಬುದ್ಧನಿಗೆ ಬೋಧಿಯಾದ ರಾತ್ರಿಯ ಮೂರು ಜಾವಗಳ ಕ್ರಮ. ಮೊದಲ ಜಾವದಲ್ಲಿ ತನ್ನ ಹಿಂದಿನ ಜನ್ಮಗಳ ನೆನಪು. ನಡುಜಾವದಲ್ಲಿ ಜೀವಿಗಳು ತಮ್ಮ ತಮ್ಮ ಕರ್ಮದಂತೆ ಸಾಯುವುದು, ಹುಟ್ಟುವುದು ಕಂಡದ್ದು. ಕಡೆಯ ಜಾವದಲ್ಲಿ ಆಸವಗಳು, ಅಂದರೆ ಒಳಗಿಂದ ಒಸರುವ ಕೊಳೆಗಳು, ತೀರಿಹೋದವೆಂಬ ಅರಿವು. ಕರ್ಮದ ದರ್ಶನ ನಡುಜಾವದ್ದು, ರಾತ್ರಿ ಅಲ್ಲಿಗೆ ಮುಗಿಯಲಿಲ್ಲ. ಯಾರು ಯಾವ ಪಾಪಕ್ಕೆ ಎಲ್ಲಿ ಹುಟ್ಟಿದರು ಎಂಬ ಲೆಕ್ಕದಲ್ಲೇ ನಿಲ್ಲುವ ಉಪನ್ಯಾಸಗಳು ಈ ಊರಿನಲ್ಲೂ ಬೇಕಾದಷ್ಟು ಕೇಳಸಿಗುತ್ತವೆ. ಅವು ನಡುರಾತ್ರಿಯಲ್ಲೇ ಎದ್ದು ಹೋದಂತೆ.

ಮಧ್ಯಾಹ್ನ ನಿರಂಜನಾ ನದಿಯ ಆಚೆ ಬಕ್ರೌರ್‌ನಲ್ಲಿರುವ ಸುಜಾತಾ ಸ್ತೂಪಕ್ಕೆ ಹೋಗಿಬನ್ನಿ. ಬೇಸಿಗೆಯ ಹೊತ್ತಿಗೆ ನದಿಯೆಂದರೆ ಬರೀ ಮರಳು. ಬೋಧಿಗೆ ಮುಂಚೆ ಸುಜಾತೆ ಬುದ್ಧನಿಗೆ ಬಡಿಸಿದ ಪಾಯಸ ಐದನೆಯ ದಿನ ಮತ್ತೆ ನೆನಪಿಗೆ ಬರುತ್ತದೆ.

ಎರಡನೆಯ ದಿನ: ರಾಜಗೃಹ, ತಂದೆಯನ್ನು ಕೊಂದ ಮಗ

ಬೋಧಗಯೆಯಿಂದ ರಾಜಗೀರ್ (ಹಳೆಯ ರಾಜಗೃಹ) ಸುಮಾರು 70 ಕಿ.ಮೀ. ಸ್ಟ್ಯಾಂಡಿನಲ್ಲಿ ಟಾಂಗಾಗಳು ಇನ್ನೂ ನಿಂತಿರುತ್ತವೆ. ನೋಡಬೇಕಾದ ಮೂರು ಜಾಗ ಒಂದೇ ದಾರಿಗೆ ಬರುತ್ತವೆ: ಮಗ ಅಜಾತಶತ್ರು ಕೊಂದ ಮಗಧದ ರಾಜ ಬಿಂಬಿಸಾರನ ಸೆರೆಮನೆಯೆಂದು ತೋರಿಸುವ ದಪ್ಪ ಕಲ್ಲುಗೋಡೆಯ ಚೌಕ, ವೈದ್ಯ ಜೀವಕನ ಮಾವಿನ ತೋಪು, ಗೃಧ್ರಕೂಟ ಬೆಟ್ಟ. ಹೆಚ್ಚಿನವರು ರೋಪ್‌ವೇ ಏರಿ 1969ರ ವಿಶ್ವಶಾಂತಿ ಸ್ತೂಪ ನೋಡಿ, ಸುಸ್ತಾಗಿ, ಗೃಧ್ರಕೂಟವನ್ನು ಮೇಲಿನಿಂದಲೇ ಕೈಮಾಡಿ ತೋರಿಸಿ ಇಳಿಯುತ್ತಾರೆ. ಬೆಳಗ್ಗೆಯೇ ಕಾಲ್ನಡೆಯಲ್ಲಿ ಗೃಧ್ರಕೂಟ ಹತ್ತಿ, ಆಮೇಲೆ ಬೇಕಾದರೆ ಸ್ತೂಪಕ್ಕೆ ಹೋಗುವುದು ಸರಿಯಾದ ಕ್ರಮ. ದೇವದತ್ತ ಬುದ್ಧನ ಮೇಲೆ ಬಂಡೆ ಉರುಳಿಸಿದ್ದು ಈ ಬೆಟ್ಟದಲ್ಲಿ. ಸಿಡಿದ ಚೂರು ತಗುಲಿ ಕಾಲಿನಿಂದ ರಕ್ತ ಬಂತು. ಫಲ ತಪ್ಪಿಸಲಾಗದ ಐದು ಘೋರ ಕೃತ್ಯಗಳಲ್ಲಿ ಅದೊಂದು. ಉಳಿದವು ತಾಯಿಯ ಕೊಲೆ, ತಂದೆಯ ಕೊಲೆ, ಅರಹಂತನ (ಮುಕ್ತಿ ಪಡೆದವನ) ಕೊಲೆ, ಸಂಘವನ್ನು ಒಡೆಯುವುದು.

ಇಳಿದು ಬಂದು ಕೂರಬೇಕಾದದ್ದು ಜೀವಕನ ತೋಪಿನಲ್ಲಿ. ಮಾವಿನ ಮರವೇನೂ ಉಳಿದಿಲ್ಲ. ಅಂಡಾಕಾರದ ಕಟ್ಟಡಗಳ ಅಡಿಪಾಯದ ಕಲ್ಲುಗಳಿವೆ. ಯಾರೂ ನಿಲ್ಲದೆ ಮುಂದೆ ಹೋಗುವ ಜಾಗ. ಕಾರ್ತಿಕ ಹುಣ್ಣಿಮೆಯ ರಾತ್ರಿ ಅಜಾತಶತ್ರು ಆನೆಗಳ ಸಾಲಿನೊಂದಿಗೆ ಇಲ್ಲಿಗೆ ಬಂದ. 1,250 ಭಿಕ್ಷುಗಳಿದ್ದಾರೆ ಎಂದ ತೋಪಿನಿಂದ ಒಂದು ಕೆಮ್ಮೂ ಕೇಳದಿದ್ದಾಗ, ಜೀವಕ ತನ್ನನ್ನು ಶತ್ರುಗಳಿಗೆ ಹಿಡಿದುಕೊಡುತ್ತಿದ್ದಾನೆಂದು ಅವನ ಮೈ ನಡುಗಿತಂತೆ. ಅಪ್ಪನನ್ನು ಕೊಂದು ಪಟ್ಟ ಏರಿದವನಿಗೆ ಮೌನವೂ ಪಿತೂರಿಯೇ. ಈ ವಿಪಾಕಕ್ಕೆ ಇನ್ನೊಂದು ಜನ್ಮ ಬೇಕಾಗಲಿಲ್ಲ.

ಅವನು ಮೊದಲು ತಾನು ಕಂಡು ಬಂದ ಆರು ಗುರುಗಳ ಉತ್ತರಗಳನ್ನು ಹೇಳುತ್ತಾನೆ. ಕರ್ಮದ ಬಗ್ಗೆ ಆ ಕಾಲದಲ್ಲಿ ಏನೇನು ವಾದವಿತ್ತು ಎನ್ನುವುದಕ್ಕೆ ಇಷ್ಟು ಚೊಕ್ಕ ಪಟ್ಟಿ ಬೇರೆಡೆ ಸಿಗುವುದು ಕಷ್ಟ. ಪೂರಣ ಕಸ್ಸಪ: ಗಂಗೆಯ ತೆಂಕಣ ದಂಡೆಯುದ್ದಕ್ಕೂ ಕೊಲ್ಲುತ್ತ ಹೋದರೂ ಪಾಪವಿಲ್ಲ, ಬಡಗಣ ದಂಡೆಯುದ್ದಕ್ಕೂ ದಾನ ಮಾಡುತ್ತ ಹೋದರೂ ಪುಣ್ಯವಿಲ್ಲ. ಮಕ್ಖಲಿ ಗೋಸಾಲ: ಎಸೆದ ನೂಲಿನುಂಡೆ ಬಿಚ್ಚಿಕೊಂಡು ಮುಗಿಯುವಂತೆ ಜನ್ಮಗಳು ತಾವಾಗಿ ಮುಗಿಯುತ್ತವೆ, ಮನುಷ್ಯಪ್ರಯತ್ನಕ್ಕೆ ಅರ್ಥವಿಲ್ಲ. ಅಜಿತ ಕೇಸಕಂಬಲಿ: ಸತ್ತ ಮೇಲೆ ಏನೂ ಇಲ್ಲ. ಮಾವಿನ ಹಣ್ಣಿನ ವಿಷಯ ಕೇಳಿದರೆ ಲಬುಜದ ಹಣ್ಣಿನ ವಿಷಯ ಹೇಳಿದಂತಾಯಿತು ಎಂದು ರಾಜ ಬೇಸರಿಸುತ್ತಾನೆ. ನಮ್ಮ ‘ಹಣೆಬರಹ’ ಈ ಪಟ್ಟಿಯಲ್ಲಿ ಕೂರುವುದು ಮಕ್ಖಲಿಯ ಪಕ್ಕದಲ್ಲಿ, ಬುದ್ಧನ ಪಕ್ಕದಲ್ಲಲ್ಲ. ನಿಯತಿವಾದವನ್ನು ಕರ್ಮಸಿದ್ಧಾಂತವೆಂದು ಕರೆಯುವ ರೂಢಿ ನಮ್ಮಲ್ಲಿ ಎಷ್ಟು ಬೇರೂರಿದೆಯೆಂದರೆ, ಎರಡೂ ಎದುರಾಳಿಗಳಾಗಿದ್ದವು ಎಂಬುದೇ ಮರೆತಿದೆ.

ಕೊನೆಗೆ ರಾಜ ತಪ್ಪೊಪ್ಪಿಕೊಳ್ಳುತ್ತಾನೆ: ಅಧಿಕಾರಕ್ಕಾಗಿ ಧರ್ಮಿಷ್ಠ ತಂದೆಯ ಪ್ರಾಣ ತೆಗೆದೆ. ಬುದ್ಧ ‘ಹೋಗಲಿ ಬಿಡು’ ಎನ್ನುವುದಿಲ್ಲ, ‘ನರಕಕ್ಕೆ ಹೋಗು’ ಎಂದೂ ಅಲ್ಲ. ತಪ್ಪನ್ನು ತಪ್ಪೆಂದು ಕಂಡು ಧರ್ಮದಂತೆ ತಿದ್ದಿಕೊಳ್ಳುತ್ತಿರುವೆಯಾದ್ದರಿಂದ ಅದನ್ನು ಸ್ವೀಕರಿಸುತ್ತೇವೆ, ಮುಂದೆ ಸಂಯಮದಿಂದಿರುವುದೇ ಬೆಳವಣಿಗೆ, ಎನ್ನುತ್ತಾನೆ. ರಾಜ ಹೋದ ಮೇಲೆ ಭಿಕ್ಷುಗಳಿಗೆ ಹೇಳುವುದು ಬೇರೆ: ಇವನು ತಂದೆಯನ್ನು ಕೊಲ್ಲದಿದ್ದರೆ ಇದೇ ಆಸನದಲ್ಲಿ ಇವನಿಗೆ ಧರ್ಮದ ಕಣ್ಣು ತೆರೆಯುತ್ತಿತ್ತು. ಒಪ್ಪಿಕೊಂಡದ್ದರಿಂದ ಮುಂದಿನ ದಾರಿ ತೆರೆಯಿತು, ಹಿಂದಿನದು ಅಳಿಯಲಿಲ್ಲ.

ಮೂರನೆಯ ದಿನ: ವೇಣುವನ, ನಾಲಂದ

ರಾಜಗೀರ್‌ನ ಬಿಸಿನೀರಿನ ಕುಂಡಗಳ ಹತ್ತಿರವೇ ವೇಣುವನ. ಬಿದಿರು, ಒಂದು ಕೊಳ, ಬೆಂಚುಗಳು. ಬೆಳಗ್ಗೆ ಎರಡು ಗಂಟೆಯಾದರೂ ಇಲ್ಲಿಗೆ ಮೀಸಲಿಡಿ, ಏಕೆಂದರೆ ಎರಡು ಸೂತ್ರಗಳ ನೆಲ ಇದು.

ಒಂದರಲ್ಲಿ ಮೋಳಿಯಸೀವಕನೆಂಬ ಪರಿವ್ರಾಜಕ ಕೇಳುತ್ತಾನೆ: ಮನುಷ್ಯ ಅನುಭವಿಸುವ ಸುಖದುಃಖವೆಲ್ಲ ಹಿಂದೆ ಮಾಡಿದ್ದರ ಫಲವೆನ್ನುವವರಿದ್ದಾರಲ್ಲ? ಬುದ್ಧ ಎಂಟು ಕಾರಣ ಎಣಿಸುತ್ತಾನೆ: ಪಿತ್ತ, ಕಫ, ವಾತ, ಮೂರರ ಸನ್ನಿಪಾತ, ಋತುವಿನ ಬದಲಾವಣೆ, ಮೈಯನ್ನು ಸರಿಯಾಗಿ ನೋಡಿಕೊಳ್ಳದಿರುವುದು, ಹೊರಗಿನ ಪೆಟ್ಟು, ಎಂಟನೆಯದಾಗಿ ಕರ್ಮವಿಪಾಕ. ಎಲ್ಲವನ್ನೂ ಹಿಂದಿನ ಕರ್ಮಕ್ಕೆ ಕಟ್ಟುವವರು ತಾವೇ ಕಂಡದ್ದನ್ನೂ ಲೋಕ ಒಪ್ಪಿದ್ದನ್ನೂ ಮೀರಿ ಮಾತಾಡುತ್ತಾರೆ, ಅದು ತಪ್ಪು, ಎನ್ನುತ್ತಾನೆ. ಮಗುವಿಗೆ ಕಾಯಿಲೆ ಬಂದಾಗ ತಾಯಿಯ ಎದುರು ‘ಪೂರ್ವಜನ್ಮದ್ದು’ ಎನ್ನುವ ನೆಂಟರಿಗೆ ಈ ಪಟ್ಟಿ ಓದಿ ಹೇಳಬೇಕು. ಕರ್ಮವಿಪಾಕದ ಕೊನೆಮೊದಲನ್ನು ಎಣಿಸಹೊರಟವನು ತಲೆಕೆಟ್ಟು ದಣಿಯುತ್ತಾನೆ ಎಂಬ ಎಚ್ಚರಿಕೆಯೂ ಅಂಗುತ್ತರದಲ್ಲಿದೆ. ನಿಜ ಹೇಳಬೇಕೆಂದರೆ, ನಂತರದ ಅಟ್ಠಕಥೆಗಳು, ಅಂದರೆ ಸೂತ್ರಗಳಿಗೆ ಬರೆದ ವ್ಯಾಖ್ಯಾನಗಳು, ಈ ಎಚ್ಚರಿಕೆಯನ್ನು ಅಷ್ಟಾಗಿ ಪಾಲಿಸಲಿಲ್ಲ. ಇದೇ ಊರಿನ ಬೆಟ್ಟದಲ್ಲಿ ಬುದ್ಧನ ಹಿರಿಯ ಶಿಷ್ಯ ಮೊಗ್ಗಲ್ಲಾನನನ್ನು ಹೊಡೆದು ಕೊಂದದ್ದಕ್ಕೂ ಅವು ಹಿಂದಿನ ಜನ್ಮದ ಕಥೆ ಹೊಂದಿಸಿವೆ. ಸೂತ್ರ ಯಾವುದು, ಅಟ್ಠಕಥೆ ಯಾವುದು ಎಂದು ಬಿಡಿಸಿ ಓದದಿದ್ದರೆ ಗೊಂದಲ ಖಂಡಿತ.

ಇನ್ನೊಂದು ಬುದ್ಧ ತನ್ನ ಮಗ ರಾಹುಲನಿಗೆ ಹೇಳಿದ್ದು. ಕಾಲು ತೊಳೆದ ಮೇಲೆ ಪಾತ್ರೆಯಲ್ಲಿ ಸ್ವಲ್ಪ ನೀರು ಉಳಿಸಿ, ಗೊತ್ತಿದ್ದೂ ಸುಳ್ಳು ಹೇಳಲು ನಾಚದವನ ಶ್ರಮಣತನ ಇಷ್ಟೇ ಎಂದು ತೋರಿಸುತ್ತಾನೆ. ಆ ನೀರನ್ನು ಚೆಲ್ಲುತ್ತಾನೆ, ಪಾತ್ರೆಯನ್ನು ಬೋರಲು ಹಾಕುತ್ತಾನೆ, ಮತ್ತೆ ಎತ್ತಿ ಬರಿದನ್ನು ತೋರಿಸುತ್ತಾನೆ. ಆಮೇಲೆ ಕೇಳುತ್ತಾನೆ: ಕನ್ನಡಿ ಯಾತಕ್ಕೆ? ನೋಡಿಕೊಳ್ಳಲು. ಹಾಗೆಯೇ ಮೈ, ಮಾತು, ಮನಸ್ಸಿನ ಪ್ರತಿ ಕೆಲಸವನ್ನೂ ಮೂರು ಹೊತ್ತು ನೋಡಬೇಕು. ಮಾಡುವ ಮುನ್ನ: ಇದು ನನಗೆ, ಇತರರಿಗೆ, ಇಬ್ಬರಿಗೂ ನೋವು ತರುವುದೇ? ತರುವುದಾದರೆ ಮಾಡಬೇಡ. ಮಾಡುವಾಗ: ತರುತ್ತಿದೆಯೇ? ಅಲ್ಲೇ ನಿಲ್ಲಿಸು. ಮಾಡಿದ ಮೇಲೆ: ತಂದಿತೇ? ಮೈ, ಮಾತಿನ ತಪ್ಪಾದರೆ ಗುರುವಿಗೋ ತಿಳಿದ ಜೊತೆಗಾರನಿಗೋ ಬಿಚ್ಚಿ ಹೇಳು. ಮನಸ್ಸಿನದಾದರೆ ಅದಕ್ಕೆ ಹೇಸಿ ದೂರವಾಗು. ನೋವು ತಂದಿಲ್ಲವಾದರೆ ಸಂತೋಷದಿಂದಿರು.

ಈ ಅಭ್ಯಾಸ ಕೆಡುವುದು ಎರಡು ಕಡೆ. ಒಂದು, ಜನ ಮೂರನೆಯ ಹೊತ್ತನ್ನು ಮಾತ್ರ ಹಿಡಿಯುತ್ತಾರೆ. ರಾತ್ರಿ ಮಲಗುವಾಗಿನ ಪಶ್ಚಾತ್ತಾಪದಿಂದ ಬೆಳಗಿನ ಬೈಗುಳ ನಿಲ್ಲುವುದಿಲ್ಲ. ಇನ್ನೊಂದು, ಕೊನೆಯ ‘ಸಂತೋಷ’ವನ್ನು ಬಿಟ್ಟುಬಿಡುತ್ತಾರೆ. ಆಗ ಉಳಿಯುವುದು ಬರೀ ತನ್ನನ್ನು ತಾನು ಬಯ್ದುಕೊಳ್ಳುವುದು. ಅಶೋಕ ಬೈರಾಟದ ಶಾಸನದಲ್ಲಿ ಭಿಕ್ಷುಗಳೂ ಗೃಹಸ್ಥರೂ ಮತ್ತೆ ಮತ್ತೆ ಕೇಳಬೇಕೆಂದು ಹೆಸರಿಸಿದ ಏಳು ಪಾಠಗಳಲ್ಲಿ ಸುಳ್ಳಿನ ಕುರಿತು ರಾಹುಲನಿಗೆ ಹೇಳಿದ ಬೋಧೆಯೂ ಒಂದು.

ಮಧ್ಯಾಹ್ನ ನಾಲಂದ. ಕಾಣುವ ಇಟ್ಟಿಗೆಯ ಅವಶೇಷಗಳು ಬುದ್ಧನಿಗಿಂತ ಬಹಳ ಈಚಿನವು, ಗುಪ್ತರ ಕಾಲದಿಂದ ಮುಂದಿನವು. ಆದರೆ ಪಾವಾರಿಕನ ಮಾವಿನ ತೋಪು ಈ ಊರಲ್ಲೇ ಇತ್ತು, ಊರಗೌಡ ಅಸಿಬಂಧಕಪುತ್ತ ಪ್ರಶ್ನೆ ಕೇಳಿದ್ದೂ ಅಲ್ಲೇ: ಮಂತ್ರ ಹೇಳಿ ಸತ್ತವರನ್ನು ಸ್ವರ್ಗಕ್ಕೆ ಏರಿಸುವವರಿದ್ದಾರೆ, ನೀವೂ ಏರಿಸುತ್ತೀರಾ? ಬುದ್ಧನ ಮರುಪ್ರಶ್ನೆ: ಆಳದ ಮಡುವಿಗೆ ಬಂಡೆ ಎಸೆದು, ಊರ ಜನವೆಲ್ಲ ಕೈಮುಗಿದು ಸುತ್ತುಬಂದು ‘ಮೇಲೆ ಬಾ ಬಂಡೆಯೇ’ ಎಂದರೆ ಬರುತ್ತದೆಯೇ? ತುಪ್ಪದ ಗಡಿಗೆ ನೀರಲ್ಲಿ ಒಡೆದರೆ ಓಡು ಮುಳುಗುತ್ತದೆ, ‘ಮುಳುಗು’ ಎಂದು ಎಷ್ಟು ಬೇಡಿದರೂ ತುಪ್ಪ ತೇಲುತ್ತದೆ. ಗಯಾ ಶ್ರಾದ್ಧಕ್ಕೆಂದೇ ಕರ್ನಾಟಕದಿಂದ ಬರುವವರು ಬಹಳ. ಅವರಿಗೆ ಇದು ಕಟುವಾಗಿ ಕೇಳಿಸಬಹುದು. ಆದರೆ ಜಾಣುಸ್ಸೋಣಿ ಸೂತ್ರದಲ್ಲಿ ಬುದ್ಧ ಪಿತೃಗಳಿಗೆ ಕೊಟ್ಟದ್ದು ಪ್ರೇತಲೋಕದಲ್ಲಿರುವವರಿಗೆ ಮುಟ್ಟುತ್ತದೆ ಎನ್ನುತ್ತಾನೆ, ಕೊಟ್ಟವನಿಗೂ ಫಲವುಂಟು ಎನ್ನುತ್ತಾನೆ. ಒಬ್ಬನ ಬದುಕಿನ ಲೆಕ್ಕವನ್ನು ಇನ್ನೊಬ್ಬ ತೀರಿಸುವಂತಿಲ್ಲ ಎಂಬುದಷ್ಟೇ ಇಲ್ಲಿನ ಮಾತು.

ಇದೇ ತೋಪಿನಲ್ಲಿ ನಿಗಂಠರ, ಅಂದರೆ ಜೈನ ಮುನಿಗಳ, ಅನುಯಾಯಿ ಉಪಾಲಿಯೊಂದಿಗೆ ಮೈ, ಮಾತು, ಮನಸ್ಸುಗಳಲ್ಲಿ ಯಾವುದರ ಕೃತ್ಯ ಹೆಚ್ಚು ಭಾರವೆಂಬ ವಾದ ನಡೆಯಿತು. ಬುದ್ಧನ ಉತ್ತರ ಮನಸ್ಸಿನದು. ಜೈನ ದರ್ಶನದಲ್ಲಿ ಕರ್ಮ ಜೀವಕ್ಕೆ ಅಂಟುವ ಸೂಕ್ಷ್ಮ ಪುದ್ಗಲ ಎಂದು ಬಲ್ಲ ಕನ್ನಡ ಓದುಗರಿಗೆ ಈ ಭೇದ ಬೇಗ ಹಿಡಿಯುತ್ತದೆ. ಒಂದು ಎಚ್ಚರ: ಅಲ್ಲಿ ಬರುವುದು ಬೌದ್ಧರು ಬರೆದ ನಿಗಂಠರ ಚಿತ್ರ, ಜೈನರ ಸ್ವಂತ ಮಾತಲ್ಲ.

ಸಂಯುತ್ತ 42.8 ಇದೇ ಗೌಡನಿಗೆ ಹೇಳಿದ ಇನ್ನೊಂದು ಉತ್ತರ. ‘ಕೊಂದೆ, ಆದ್ದರಿಂದ ನಾನು ಕೆಟ್ಟೇ ಹೋದೆ’ ಎಂಬ ನಂಬಿಕೆಯನ್ನು ಕಚ್ಚಿಕೊಂಡವನು ಅದರೊಂದಿಗೇ ಮುಳುಗುತ್ತಾನೆ. ‘ಮಾಡಿದೆ, ಅದು ಒಳ್ಳೆಯದಲ್ಲ, ಕೊರಗಿದರೆ ಆದದ್ದು ಆಗದೆ ಹೋಗದು’ ಎಂದು ಕಂಡವನು ಆ ಕೆಲಸ ಬಿಡುತ್ತಾನೆ, ಶಂಖದ ದನಿ ನಾಲ್ಕು ದಿಕ್ಕಿಗೆ ಹರಡುವಂತೆ ಮೈತ್ರಿಯನ್ನು ಹರಡುತ್ತಾನೆ.

ನಾಲ್ಕನೆಯ ದಿನ: ಗಂಗೆ ದಾಟಿ ವೈಶಾಲಿಗೆ

ಪಾಟ್ನಾದ ಮಹಾತ್ಮ ಗಾಂಧಿ ಸೇತು ಸುಮಾರು ಐದೂಮುಕ್ಕಾಲು ಕಿ.ಮೀ. ಉದ್ದ. ಲಾರಿಗಳು ಕಟ್ಟಿಕೊಂಡರೆ ದಾಟಲು ಅರ್ಧ ದಿನ ಹೋದೀತು. ರಾಜಗೀರ್ ಬಿಡುವುದು ನಸುಕಿನಲ್ಲೇ ಆಗಬೇಕು. ತೆಂಕಣ ದಂಡೆಯಿಂದ ಬಡಗಣಕ್ಕೆ ಹೋಗುವಾಗ ಪೂರಣ ಕಸ್ಸಪ ನೆನಪಾಗದಿರುವುದಿಲ್ಲ. ಆದರೆ ಸೇತುವೆಯ ಮೇಲೆ ಓದಬೇಕಾದದ್ದು ಲೋಣಫಲ ಸೂತ್ರ.

ಅದರ ಆರಂಭ ನಮ್ಮ ‘ಮಾಡಿದ್ದುಣ್ಣೋ ಮಹಾರಾಯ’ಕ್ಕೆ ನೇರವಾಗಿ ಎದುರು ನಿಲ್ಲುತ್ತದೆ. ಯಾವ ಯಾವ ರೀತಿ ಮಾಡಿದನೋ ಹಾಗೆ ಹಾಗೆಯೇ ಅನುಭವಿಸಬೇಕು ಎಂಬುದು ನಿಜವಾದರೆ ಬ್ರಹ್ಮಚರ್ಯದ ಬದುಕಿಗೆ ಜಾಗವಿಲ್ಲ, ದುಃಖ ಮುಗಿಸುವ ಅವಕಾಶವೂ ಇಲ್ಲ. ಒಂದು ಉಪ್ಪಿನ ಹರಳನ್ನು ಸಣ್ಣ ಬಟ್ಟಲಿನ ನೀರಿಗೆ ಹಾಕಿದರೆ ಕುಡಿಯಲಾಗದು. ಅದೇ ಹರಳನ್ನು ಗಂಗೆಗೆ ಹಾಕಿದರೆ? ಶೀಲ, ಚಿತ್ತ, ಪ್ರಜ್ಞೆ ಬೆಳೆಸದವನ ಸಣ್ಣ ಪಾಪವೂ ಅವನನ್ನು ನರಕಕ್ಕೆ ಒಯ್ಯಬಹುದು. ಬೆಳೆಸಿದವನಿಗೆ ಅಂಥದೇ ಪಾಪ ಇಲ್ಲೇ ತೀರಿ, ಮುಂದೆ ಕಾಣಿಸದೆಯೂ ಹೋಗಬಹುದು. ಉಪ್ಪು ಅಷ್ಟೇ, ನೀರು ಬೇರೆ. ಹೊಣೆ ಇರುವುದು ನೀರಿನ ಪ್ರಮಾಣದಲ್ಲಿ, ಅದು ಈಗ ಬೆಳೆಸಬಹುದಾದದ್ದು. ಸೂತ್ರದಲ್ಲಿ ಇನ್ನೊಂದು ಹೋಲಿಕೆಯಿದೆ, ಪ್ರವಚನಗಳಲ್ಲಿ ಕೇಳಿಸುವುದು ಕಡಿಮೆ: ಅರ್ಧ ಕಹಾಪಣ ನಾಣ್ಯಕ್ಕೆ ಬಡವ ಸೆರೆಗೆ ಹೋಗುತ್ತಾನೆ, ಸಿರಿವಂತ ಹೋಗುವುದಿಲ್ಲ. ಲೋಕ ಹೇಗಿದೆಯೆಂದು ಬುದ್ಧನಿಗೆ ಗೊತ್ತಿತ್ತು.

ವೈಶಾಲಿಯ ಕೊಲ್ಹುವಾದಲ್ಲಿ ಒಂಟಿ ಸಿಂಹ ಹೊತ್ತ ಅಶೋಕನ ಕಂಬವಿದೆ. ಅದರ ಮೇಲೆ ಅಶೋಕನ ಬರಹವಿಲ್ಲ. ಅಲ್ಲಿ ಇಲ್ಲದ ಮಾತು ನಮ್ಮ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿದೆ: ಇದು ದೊಡ್ಡವರಿಗಷ್ಟೇ ದಕ್ಕುವುದಲ್ಲ, ಶ್ರಮಿಸಿದರೆ ಸಣ್ಣವನೂ ವಿಪುಲ ಸ್ವರ್ಗ ಪಡೆಯಬಲ್ಲ. ಶ್ರಮಕ್ಕೆ ಶಾಸನ ಬಳಸುವ ಪದ ‘ಪಕಮ’, ಸಂಸ್ಕೃತದ ಪ್ರಕ್ರಮ.

ಐದನೆಯ ದಿನ: ಕೇಸರಿಯಾ, ಫಾಜಿಲ್‌ನಗರ, ಕುಶಿನಗರ

ದೂರದ ದಿನ, ಕುಡಿಯುವ ನೀರು ಜೊತೆಗಿರಲಿ. ಕೇಸರಿಯಾದ ಸ್ತೂಪ ಈಗಲೂ 104 ಅಡಿ ಎತ್ತರ. 1998ರಲ್ಲಿ ಉತ್ಖನನ ಶುರುವಾಗುವವರೆಗೆ ಗುಡ್ಡದಂತೆ ಮುಚ್ಚಿಹೋಗಿತ್ತು. ಕಾಲಾಮ ಸೂತ್ರವನ್ನು ಕೇಳಿದ ಕಾಲಾಮರ ಊರು ಕೇಸಪುತ್ತ ಇದೇ ಎಂದು ಫಲಕಗಳು ಹೇಳುತ್ತವೆ. ಸೂತ್ರ ಮಾತ್ರ ಆ ಊರನ್ನು ಕೋಸಲ ರಾಜ್ಯದಲ್ಲಿಡುತ್ತದೆ. ‘ಯಾವುದನ್ನೂ ನಂಬಬೇಡಿ’ ಎಂದು ಮೊಟಕಾಗಿ ಓಡಾಡುವ ಈ ಸೂತ್ರದ ಕೊನೆಯನ್ನು ಓದುವವರು ಕಡಿಮೆ. ಪರಲೋಕ, ಕರ್ಮಫಲ ಇದ್ದರೆ ಸುಗತಿ. ಇಲ್ಲದಿದ್ದರೂ ವೈರವಿಲ್ಲದೆ ಇಲ್ಲೇ ಸುಖವಾಗಿದ್ದೇನೆ. ಕೆಡುಕು ಮಾಡಿದವನಿಗೆ ಕೆಡುಕಾಗುವುದಾದರೆ ನಾನು ಬಗೆದಿಲ್ಲ. ಆಗದಿದ್ದರೂ ಎರಡು ಬಗೆಯಲ್ಲೂ ಶುದ್ಧನಿದ್ದೇನೆ. ಪುನರ್ಜನ್ಮ ನಂಬದ ಓದುಗನಿಗೂ ಇಲ್ಲಿ ಜಾಗವಿದೆ. ಹೊಣೆಯಿಂದ ವಿನಾಯಿತಿ ಮಾತ್ರ ಇಲ್ಲ.

ಗೋಪಾಲ್‌ಗಂಜ್ ದಾಟಿ ಉತ್ತರ ಪ್ರದೇಶ ಹೊಕ್ಕು, ಕುಶಿನಗರಕ್ಕೆ ಮೊದಲು ಸಿಗುವುದು ಫಾಜಿಲ್‌ನಗರ. ಬುದ್ಧನಿಗೆ ಕೊನೆಯ ಊಟ ಬಡಿಸಿದ ಚುಂದನ ಊರು ಪಾವಾ ಇದೇ ಎಂದು ಗುರುತಿಸುತ್ತಾರೆ. ಬಸ್ಸುಗಳು ನಿಲ್ಲುವುದಿಲ್ಲ, ನೀವು ನಿಲ್ಲಿಸಿ. ಕಮ್ಮಾರನ ಮಗ ಚುಂದ ಬಡಿಸಿದ ಸೂಕರಮದ್ದವ ಎಂಬ ಅಡುಗೆ ಉಂಡ ಮೇಲೆ ಬುದ್ಧನಿಗೆ ರಕ್ತಭೇದಿಯಾಯಿತು. ಸಾವಿನ ದಾರಿಯಲ್ಲಿ ನಡೆಯುತ್ತ ಆತ ಶಿಷ್ಯ ಆನಂದನಿಗೆ ಹೇಳಿದ್ದು ಚುಂದನ ಬಗ್ಗೆ: ಯಾರಾದರೂ ಅವನಲ್ಲಿ ಕೊರಗು ಹುಟ್ಟಿಸಿಯಾರು, ಹೋಗಿ ತಪ್ಪಿಸು. ಬೋಧಿಗೆ ಮುಂಚಿನ ಊಟ, ಪರಿನಿರ್ವಾಣಕ್ಕೆ ಮುಂಚಿನ ಊಟ, ಎರಡರ ಫಲವೂ ಸಮ ಎಂದು ಹೇಳು. ಸುಜಾತೆಯ ಪಾಯಸ ಬದುಕಿಸಿತು, ಚುಂದನ ಅಡುಗೆ ಕೊನೆಯದಾಯಿತು. ಬಡಿಸಿದ ಮನಸ್ಸು ಒಂದೇ. ಸಂಕಲ್ಪವೇ ಕರ್ಮ ಎಂಬುದಕ್ಕೆ ಇಷ್ಟು ದುಬಾರಿ ಉದಾಹರಣೆ ಮತ್ತೊಂದಿಲ್ಲ.

ಸಂಜೆ ಕುಶಿನಗರದಲ್ಲಿ ಸುಮಾರು 6 ಮೀಟರ್ ಉದ್ದದ ಮಲಗಿದ ಬುದ್ಧ. ಪಾದದ ಕಡೆಯಿಂದ ಒಮ್ಮೆ, ನಡುವಿನಿಂದ ಒಮ್ಮೆ, ತಲೆಯ ಕಡೆಯಿಂದ ಒಮ್ಮೆ ನಿಂತು ಮುಖ ನೋಡಿ.

ಆರನೆಯ ದಿನ: ದಾರಿ

ಗೋರಖ್‌ಪುರದ ಮೇಲೆ ಬಲರಾಂಪುರಕ್ಕೆ. ಇಡೀ ದಿನ ಕಬ್ಬಿನ ಗದ್ದೆ, ಟ್ರಾಕ್ಟರು. ಶ್ರಾವಸ್ತಿಯಲ್ಲಿ ಚಳಿಗಾಲಕ್ಕೆ ಥಾಯ್, ಶ್ರೀಲಂಕಾ ಯಾತ್ರಿಕರ ತಂಡಗಳು ತುಂಬಿರುತ್ತವೆ. ಕೋಣೆ ಸಿಗದಿದ್ದರೆ ಸುಮಾರು 17 ಕಿ.ಮೀ. ದೂರದ ಬಲರಾಂಪುರವೇ ಗತಿ.

ಏಳನೆಯ ದಿನ: ಶ್ರಾವಸ್ತಿ

ಸಹೇಟ್ ಎಂದರೆ ಜೇತವನ ವಿಹಾರ, ಮಹೇಟ್ ಎಂದರೆ ಮಣ್ಣಿನ ಕೋಟೆಯ ಹಳೆಯ ನಗರ. ಬೆಳಗಿನ ಹೊತ್ತು ಸಹೇಟ್‌ಗೆ. ಬುದ್ಧನ ವಾಸದ ಕೋಣೆಯಾದ ಗಂಧಕುಟಿಯ ಮುಂದೆ ನೂಕುನುಗ್ಗಲಿರುತ್ತದೆ, ಆನಂದಬೋಧಿ ಮರದ ಆಚೆಯ ಹುಲ್ಲಿನಲ್ಲಿ ಕೂರಬಹುದು. ಧಮ್ಮಪದದ ಅಟ್ಠಕಥೆ ತನ್ನ ಮೊದಲ ಕಥೆಯನ್ನು ಇಡುವುದು ಇಲ್ಲಿ: ಕುರುಡ ಥೇರ (ಹಿರಿಯ ಭಿಕ್ಷು) ಚಕ್ಖುಪಾಲ ಮಳೆ ನಿಂತ ರಾತ್ರಿ ಅಡ್ಡಾಡಿದಾಗ ಕಾಲಡಿ ಹುಳುಗಳು ಸತ್ತವು. ದೂರು ಬಂತು, ಬುದ್ಧ ಕೇಳಿದ: ಅವನು ಕೊಲ್ಲುವುದನ್ನು ನೀವು ಕಂಡಿರಾ? ಇಲ್ಲ. ನೀವು ಕಾಣದಂತೆ ಅವನೂ ಹುಳುಗಳನ್ನು ಕಾಣಲಿಲ್ಲ. ಅಟ್ಠಕಥೆಗಳ ಲೆಕ್ಕದಲ್ಲಿ ಕೊಲೆಗೆ ಐದು ಅಂಗ ಕೂಡಬೇಕು: ಜೀವಿ ಇರಬೇಕು, ಜೀವಿಯೆಂದು ತಿಳಿದಿರಬೇಕು, ಕೊಲ್ಲುವ ಚಿತ್ತ ಇರಬೇಕು, ಯತ್ನ ಇರಬೇಕು, ಸಾವು ಆಗಬೇಕು. ಆದರೆ ಇದನ್ನು ಅಜಾಗರೂಕತೆಗೆ ರಹದಾರಿ ಮಾಡಿಕೊಳ್ಳುವಂತಿಲ್ಲ. ಬಾವಿಯ ಹಲಗೆ ಮುರಿದಿದೆಯೆಂದು ಗೊತ್ತಿದ್ದೂ ಸುಮ್ಮನಿದ್ದವನು ‘ಬೇಕೆಂದು ಮಾಡಲಿಲ್ಲ’ ಎಂದರೆ, ರಾಹುಲನಿಗೆ ಹೇಳಿದ ಮೊದಲ ಹೊತ್ತಿನ ಪ್ರಶ್ನೆಯನ್ನು ಅವನು ಕೇಳಿಕೊಂಡಿರಲಿಲ್ಲ.

ಶುಭನೆಂಬ ಯುವಕ ಕೆಲವರು ಅಲ್ಪಾಯುಷಿ, ಕೆಲವರು ಬಡವರು, ಏಕೆ ಎಂದು ಕೇಳಿದ್ದೂ ಜೇತವನದಲ್ಲೇ. ಮಜ್ಝಿಮ 135ರ ಆ ಉತ್ತರ ಮೇಲುನೋಟಕ್ಕೆ ಪಟ್ಟಿಯಂತಿದೆ: ಕೊಲ್ಲುವವನಿಗೆ ಅಲ್ಪಾಯುಷ್ಯ, ಕೊಡದವನಿಗೆ ಬಡತನ. ಇದನ್ನು ಹಿಂದುಮುಂದಾಗಿ ಓದಿ ‘ಬಡವನಾಗಿದ್ದಾನೆ, ಅಂದರೆ ಪಾಪಿ’ ಎನ್ನುವುದೇ ಸಾಮಾನ್ಯವಾದ ತಪ್ಪು. ವೇಣುವನದ ಎಂಟು ಕಾರಣಗಳು ಜೇಬಿನಲ್ಲಿದ್ದರೆ ಆ ತಪ್ಪು ಆಗುವುದಿಲ್ಲ. ಪಟ್ಟಿ ಇರುವುದು ಕರ್ಮ ಮಾಡುವವನಿಗೆ ಮುಂದಿನ ದಾರಿ ತೋರಿಸಲಿಕ್ಕೆ, ನೋಡುವವನಿಗೆ ಎದುರಿನವನ ಹಿಂದಿನ ಜನ್ಮ ಹೇಳಲಿಕ್ಕಲ್ಲ.

ಮಧ್ಯಾಹ್ನ ಮಹೇಟ್. ಕೋಟೆಯೊಳಗಿನ ಪಕ್ಕಿ ಕುಟಿ ಅಂಗುಲಿಮಾಲನ ಸ್ತೂಪವೆಂದು ಹೆಸರಾಗಿದೆ. ಬುದ್ಧ ಅವನನ್ನು ಬದಲಿಸಿದ ಕಥೆ ಮಕ್ಕಳಿಗೂ ಗೊತ್ತು. ಸೂತ್ರ ತೂಕ ಹಾಕುವುದು ಅದರ ನಂತರದ್ದಕ್ಕೆ. ಹೆರಿಗೆಯಾಗದೆ ಒದ್ದಾಡುವ ಹೆಂಗಸನ್ನು ಕಂಡು ಬಂದವನಿಗೆ ಬುದ್ಧ ಹೇಳುತ್ತಾನೆ: ‘ಹುಟ್ಟಿದಂದಿನಿಂದ ಬೇಕೆಂದು ಜೀವ ತೆಗೆದಿಲ್ಲ, ಈ ಸತ್ಯದಿಂದ ನಿನಗೆ ಒಳಿತಾಗಲಿ ಎನ್ನು.’ ಅಂಗುಲಿಮಾಲ ತಡೆಯುತ್ತಾನೆ, ಅದು ಸುಳ್ಳಾಗುತ್ತದೆ. ಹಾಗಾದರೆ ‘ಆರ್ಯರ ಹುಟ್ಟು ಹುಟ್ಟಿದಂದಿನಿಂದ’, ಅಂದರೆ ಭಿಕ್ಷುವಾದಂದಿನಿಂದ, ಎನ್ನು. ಶ್ರೀಲಂಕಾ, ಬರ್ಮಾಗಳಲ್ಲಿ ಬಸುರಿಯರಿಗೆ ಇಂದೂ ಪಠಿಸುವ ಪರಿತ್ತ (ರಕ್ಷೆಯ ಪಠಣ) ಇದೇ ವಾಕ್ಯ. ಕೊಲೆಗಾರನ ಬಾಯಿಂದ ಬಂದ ಹೆರಿಗೆಯ ಮಂತ್ರ.

ಆದರೂ ಊರು ಮರೆಯಲಿಲ್ಲ. ಭಿಕ್ಷೆಗೆ ಹೋದಾಗ ಯಾರೋ ಎಸೆದ ಹೆಂಟೆ, ಯಾರೋ ಎಸೆದ ಕೋಲು, ಯಾರೋ ಎಸೆದ ಕಲ್ಲು ತಗುಲಿ ತಲೆ ಒಡೆದು, ಪಾತ್ರೆ ಒಡೆದು, ಮೇಲುಹೊದಿಕೆ ಸಂಘಾಟಿ ಹರಿದು ಮರಳುತ್ತಾನೆ. ‘ಸಹಿಸಿಕೋ’ ಎನ್ನುತ್ತಾನೆ ಬುದ್ಧ, ಬಹುಕಾಲ ನರಕದಲ್ಲಿ ಬೇಯಬೇಕಾದ ಫಲ ಇಲ್ಲೇ ಉಣ್ಣುತ್ತಿದ್ದೀಯೆ. ಉಪ್ಪಿನ ಹರಳು ನದಿಗೆ ಬಿದ್ದಿದೆ, ರುಚಿ ಇನ್ನೂ ಇದೆ. ಕಲ್ಲೆಸೆದವರು ಅವನ ವಿಪಾಕದ ಕೈಗಳಾದರು ನಿಜ, ಎಸೆದದ್ದು ಅವರವರ ಹೊಸ ಕರ್ಮ. ಸಂಘವೂ ತನ್ನ ಪಾಲಿನ ಪಾಠ ಕಲಿಯಿತು. ಕಳ್ಳನ ಗುರುತು ಹೊತ್ತವನಿಗೆ ದೀಕ್ಷೆ ಕೊಟ್ಟದ್ದಕ್ಕೆ ಜನ ಗೊಣಗಿದ ಮೇಲೆ, ಇನ್ನು ಮುಂದೆ ಅಂಥವರಿಗೆ ಪ್ರವ್ರಜ್ಯೆ ಇಲ್ಲವೆಂಬ ನಿಯಮ ಭಿಕ್ಷುಗಳ ನಿಯಮಗ್ರಂಥವಾದ ವಿನಯದ ಮಹಾವಗ್ಗದಲ್ಲಿ ಸೇರಿತು. ಅಂಗುಲಿಮಾಲನನ್ನು ಮಾತ್ರ ಹೊರಗೆ ಹಾಕಲಿಲ್ಲ.

ಪಕ್ಕಿ ಕುಟಿಯ ಮೇಲೆ ಹತ್ತಿದರೆ ಸಮೀಪದಲ್ಲೇ ಕಚ್ಚಿ ಕುಟಿ ಕಾಣುತ್ತದೆ, ಅದು ದಾನಿ ಅನಾಥಪಿಂಡಿಕನದೆಂದು ಹೇಳುವ ದಿಬ್ಬ. ನಗರಕ್ಕೆ ಅನ್ನ ಹಾಕಿದವನದೂ ನಗರವನ್ನು ನಡುಗಿಸಿದವನದೂ ಅಕ್ಕಪಕ್ಕ. ಕತ್ತಲಾಗುವ ಮುನ್ನ ಇಳಿದರೆ ರಾತ್ರಿಯ ರೈಲಿಗೆ ಗೊಂಡಾ ತಲುಪಬಹುದು; ಲಖನೌ ಸುಮಾರು 170 ಕಿ.ಮೀ.